ಸಡಿಲಗೊಂಡ ಮೂರು ವರ್ಷ

2020ರ ಮಾರ್ಚ್ 12, ಗುರುವಾರ. ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಎನ್-25-20 ಎಂಬ ತುರ್ತು ಆದೇಶಕ್ಕೆ ಸಹಿ ಹಾಕಿದರು. ಸೋಂಕಿತರನ್ನು ಇರಿಸಲು ಹೋಟೆಲುಗಳನ್ನು ಸರ್ಕಾರ ವಶಕ್ಕೆ ಪಡೆಯಬಹುದು ಎಂಬ ಅಂಶಕ್ಕೆ ಸುದ್ದಿಮನೆಗಳಲ್ಲಿ ಎಲ್ಲಿಲ್ಲದ ಮಹತ್ವ ಸಿಕ್ಕಿತು. ಅದೇ ಆದೇಶದ ನಡುವೆ ಯಾರ ಗಮನಕ್ಕೂ ಹೆಚ್ಚಾಗಿ ಬಾರದ ಇನ್ನೊಂದು ಪರಿಚ್ಛೇದವಿತ್ತು. ಬೆಳವಣಿಗೆಯ ವೈಕಲ್ಯ ಇರುವವರ ಸೇವೆಗಳನ್ನು ನೋಡಿಕೊಳ್ಳುವ ಇಲಾಖೆಯ ನಿರ್ದೇಶಕರು ಲ್ಯಾಂಟರ್‌ಮನ್ ಕಾಯ್ದೆಯ ಯಾವುದೇ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಬಹುದು ಎಂದು ಅದು ಹೇಳುತ್ತಿತ್ತು. ಆಗ ಆ ಹುದ್ದೆಯಲ್ಲಿದ್ದವರು ನ್ಯಾನ್ಸಿ ಬಾರ್ಗ್‌ಮನ್. ಅವರ ಕಚೇರಿಯಿಂದ ಮೊದಲ ನಿರ್ದೇಶನ ಹೊರಬೀಳಲು ತಡವಾಗಲಿಲ್ಲ. ಆಮೇಲೆ ಮೂವತ್ತು ದಿನಕ್ಕೊಮ್ಮೆ ಅವಧಿ ವಿಸ್ತರಣೆಯ ಪತ್ರಗಳು ಬರುತ್ತಲೇ ಹೋದವು.

ಲ್ಯಾಂಟರ್‌ಮನ್ ಕಾಯ್ದೆಯನ್ನು ಹೀಗೆ ಮುಟ್ಟುವುದು ಸಣ್ಣ ಮಾತಲ್ಲ. ಫ್ರಾಂಕ್ ಲ್ಯಾಂಟರ್‌ಮನ್ ಎಂಬ ರಿಪಬ್ಲಿಕನ್ ಶಾಸಕ 1969ರಲ್ಲಿ ತಂದ, ಆಮೇಲೆ ವಿಸ್ತಾರಗೊಂಡ ಈ ಕಾಯ್ದೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಅಪಸ್ಮಾರ, ಬೌದ್ಧಿಕ ವೈಕಲ್ಯ ಇರುವವರಿಗೆ ಸೇವೆಯನ್ನು ದಾನವಾಗಿ ಅಲ್ಲ, ಹಕ್ಕಾಗಿ ಕೊಟ್ಟಿತು. ಅಮೆರಿಕದ ಬೇರೆ ಹಲವು ರಾಜ್ಯಗಳಲ್ಲಿ ಈ ಸೇವೆಗಳಿಗೆ ವರ್ಷಗಟ್ಟಲೆ ಸರತಿ ನಿಲ್ಲಬೇಕು. ಕ್ಯಾಲಿಫೋರ್ನಿಯಾದಲ್ಲಿ ಅರ್ಹತೆ ಸಾಬೀತಾದರೆ ಸಾಕು. ಇಪ್ಪತ್ತೊಂದು ರೀಜನಲ್ ಸೆಂಟರುಗಳ ಮೂಲಕ ಮೂರು ಲಕ್ಷಕ್ಕೂ ಹೆಚ್ಚು ಜನ ಈ ಕಾಯ್ದೆಯ ಆಸರೆಯಲ್ಲಿದ್ದರು. ಪೌರತ್ವವನ್ನೂ ಅದು ಕೇಳುವುದಿಲ್ಲ. ಹಾಗಾಗಿ ಎಚ್-1ಬಿ ವೀಸಾದ ಮೇಲೆ ಸನ್ನಿವೇಲ್‌ಗೋ ಫ್ರೀಮಾಂಟ್‌ಗೋ ಬಂದು ನೆಲೆಸಿದ ಕನ್ನಡದ ಕುಟುಂಬಕ್ಕೂ, ಮಗುವಿಗೆ ಎರಡು ವರ್ಷವಾದರೂ ಮಾತು ಬರಲಿಲ್ಲವೆಂದಾಗ ಮಕ್ಕಳ ಡಾಕ್ಟರು ಬರೆದುಕೊಡುವ ಮೊದಲ ವಿಳಾಸ ರೀಜನಲ್ ಸೆಂಟರಿನದೇ.

ಆದರೆ ಮುಂದಿನ ಕತೆ ಕ್ಯಾಲಿಫೋರ್ನಿಯಾ ಒಂದರದ್ದೇ ಅಲ್ಲ. ಆ ವಸಂತದಲ್ಲಿ ಇಡೀ ಅಮೆರಿಕದಲ್ಲಿ ಈ ಕ್ಷೇತ್ರದ ನಿಯಮಾವಳಿಯೇ ಸಡಿಲವಾಯಿತು. ಮೂರು ವರ್ಷ ಹಾಗೇ ಇತ್ತು. ಆಮೇಲೆ ಒಂದೊಂದಾಗಿ ಮತ್ತೆ ಬಿಗಿಯಾಯಿತು. ಯಾವುದು ಬಿಗಿಯಾಯಿತು, ಯಾವುದು ಸಡಿಲವಾಗಿಯೇ ಉಳಿಯಿತು ಎಂಬುದರಲ್ಲಿ ಕುತೂಹಲದ ಸಂಗತಿಯಿದೆ. ಸ್ಥೂಲವಾಗಿ ಹೇಳುವುದಾದರೆ, ಖರ್ಚಿಲ್ಲದ ಸಡಿಲಿಕೆಗಳು ಉಳಿದುಕೊಂಡವು, ದುಡ್ಡು ಬೇಡುವ ಸಡಿಲಿಕೆಗಳು ಹೋದವು.

ಈ ನಿಯಮಗಳು ಎಲ್ಲಿಂದ ಬಂದವು ಎಂಬುದನ್ನು ನೋಡದೆ ಅವು ಸಡಿಲಾದದ್ದರ ತೂಕ ಗೊತ್ತಾಗುವುದಿಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಿಲ್ಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆಯಿತ್ತು. ನಾಲ್ಕು ಸಾವಿರ ಮಂದಿಗೆಂದು ಕಟ್ಟಿದ್ದ ಕಟ್ಟಡಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಮಂದಿ ಬುದ್ಧಿಮಾಂದ್ಯರನ್ನು ತುಂಬಿದ್ದರು. 1965ರಲ್ಲಿ ಅಲ್ಲಿಗೆ ಭೇಟಿ ಕೊಟ್ಟ ಸೆನೆಟರ್ ರಾಬರ್ಟ್ ಕೆನಡಿ ಅದನ್ನು ಹಾವಿನ ಹುತ್ತಕ್ಕೆ ಹೋಲಿಸಿದರು. ಆದರೂ ಏನೂ ಆಗಲಿಲ್ಲ. 1972ರ ಜನವರಿಯಲ್ಲಿ ಜೆರಾಲ್ಡೋ ರಿವೆರಾ ಎಂಬ ಯುವ ವರದಿಗಾರ ಕ್ಯಾಮೆರಾ ಹಿಡಿದು ಒಳಗೆ ನುಗ್ಗಿದ ಮೇಲೆ, ಬಟ್ಟೆಯಿಲ್ಲದೆ ನೆಲದ ಮೇಲೆ ಬಿದ್ದಿದ್ದ ಮಕ್ಕಳನ್ನು ಅಮೆರಿಕ ತನ್ನ ಟಿವಿಯಲ್ಲಿ ಕಂಡಿತು. ಪೋಷಕರು ಕೋರ್ಟಿಗೆ ಹೋದರು. 1975ರಲ್ಲಿ ರಾಜಿ ತೀರ್ಪಾಯಿತು, 1987ರಲ್ಲಿ ವಿಲ್ಲೋಬ್ರೂಕ್ ಮುಚ್ಚಿತು. ಸಿಬ್ಬಂದಿಗೆ ತರಬೇತಿ ಕಡ್ಡಾಯ, ಒಬ್ಬ ಸಿಬ್ಬಂದಿಗೆ ಇಷ್ಟೇ ಮಂದಿ, ಆಗಾಗ ಖುದ್ದು ಬಂದು ನೋಡಬೇಕು, ಪ್ರತಿಯೊಬ್ಬರಿಗೂ ಲಿಖಿತ ಯೋಜನೆ ಬೇಕು ಎಂಬೆಲ್ಲ ನಿಯಮಗಳು ಕಾಗದದ ಮೇಲಿನ ಕಿರಿಕಿರಿಯಂತೆ ಕಾಣಬಹುದು. ಅವುಗಳ ಹಿಂದೆ ಇಂಥ ಒಂದೊಂದು ಕಟ್ಟಡವಿದೆ.

ಇನ್ನೊಂದು ಬೇರು ಅಯೋವಾ ರಾಜ್ಯದ ಸೀಡರ್ ರ್‍ಯಾಪಿಡ್ಸ್ ಊರಿನಲ್ಲಿದೆ. ಕೇಟಿ ಬೆಕೆಟ್ ಎಂಬ ಮೂರು ವರ್ಷದ ಹುಡುಗಿ ಮೆದುಳಿನ ಸೋಂಕಿಗೆ ತುತ್ತಾಗಿ, ಕೂಸಾಗಿದ್ದಾಗಿನಿಂದ ಆಸ್ಪತ್ರೆಯಲ್ಲೇ ಬೆಳೆಯುತ್ತಿದ್ದಳು. ಮನೆಗೆ ಕರೆದೊಯ್ಯಲು ಅಪ್ಪ ಅಮ್ಮ ತಯಾರಿದ್ದರು, ಡಾಕ್ಟರೂ ಒಪ್ಪಿದ್ದರು. ತಡೆದದ್ದು ಮೆಡಿಕೇಡ್ ನಿಯಮ. ಬಡವರ, ವಿಕಲಚೇತನರ ಆರೋಗ್ಯದ ಖರ್ಚನ್ನು ಕೇಂದ್ರ ಮತ್ತು ರಾಜ್ಯಗಳು ಸೇರಿ ಹೊರುವ ಆ ಯೋಜನೆ ಆಸ್ಪತ್ರೆಯಲ್ಲಿದ್ದರೆ ದುಡ್ಡು ಕೊಡುತ್ತಿತ್ತು, ಮನೆಗೆ ಹೋದರೆ ಇಲ್ಲ. 1981ರ ನವೆಂಬರಿನ ಪತ್ರಿಕಾಗೋಷ್ಠಿಯಲ್ಲಿ ಅಧ್ಯಕ್ಷ ರೇಗನ್ ಈ ಪ್ರಕರಣವನ್ನೇ ಎತ್ತಿಕೊಂಡರು: ಮನೆಯಲ್ಲಾದರೆ ತಿಂಗಳಿಗೆ ಸಾವಿರ ಡಾಲರ್, ಆಸ್ಪತ್ರೆಯಲ್ಲಾದರೆ ಆರು ಸಾವಿರ, ಇದೆಂಥ ಲೆಕ್ಕ ಎಂಬುದು ಅವರ ಪ್ರಶ್ನೆ. ಕೇಟಿ ಮನೆಗೆ ಹೋದಳು. ಮುಂದೆ ವಿಕಲಚೇತನರ ಹಕ್ಕುಗಳ ಪರ ದನಿಯೆತ್ತಿ, 34ನೇ ವಯಸ್ಸಿನಲ್ಲಿ ತೀರಿಕೊಂಡಳು. ಸಂಸ್ಥೆಯ ಬದಲು ಮನೆಯಲ್ಲಿ, ಸಮುದಾಯದಲ್ಲಿ ಸೇವೆ ಕೊಡಲು ರಾಜ್ಯಗಳು ಕೇಂದ್ರದಿಂದ ಪಡೆಯಬಹುದಾದ ವಿನಾಯಿತಿಯೂ ಅದೇ ವರ್ಷ ಕಾನೂನಾಯಿತು. ಅದಕ್ಕೆ 1915(ಸಿ) ವೇವರ್ ಎಂದು ಹೆಸರು. ಇವತ್ತು ಅಮೆರಿಕದಲ್ಲಿ ಬೆಳವಣಿಗೆಯ ವೈಕಲ್ಯದವರ ಬದುಕು ಬಹುಪಾಲು ಈ ಒಂದು ಕಲಮಿನ ಮೇಲೆ ನಿಂತಿದೆ. ಗಮನಿಸಬೇಕಾದ ಮಾತೆಂದರೆ, ಸಂಸ್ಥೆಯ ವಾಸ ನಿಯಮ, ಮನೆಯ ವಾಸ ವಿನಾಯಿತಿ. 1999ರ ಓಮ್‌ಸ್ಟೆಡ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ವಿನಾಕಾರಣ ಸಂಸ್ಥೆಯಲ್ಲಿ ಇಡುವುದು ತಾರತಮ್ಯವೇ ಎಂದು ಹೇಳಿದ ಮೇಲೂ ಈ ವ್ಯವಸ್ಥೆ ಬುಡಮೇಲಾಗಲಿಲ್ಲ.

ಇಂಥ ವ್ಯವಸ್ಥೆಯೊಳಕ್ಕೆ ಕೊರೋನಾ ಕಾಲಿಟ್ಟಿತು. ಮಾರ್ಚ್ 13ರಂದು ಅಧ್ಯಕ್ಷ ಟ್ರಂಪ್ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿದರು. ಡೇ ಪ್ರೋಗ್ರಾಂಗಳು, ಅಂದರೆ ವಯಸ್ಕ ವಿಕಲಚೇತನರು ಬೆಳಗ್ಗೆ ಹೋಗಿ ಸಂಜೆ ಮರಳುವ ಕೇಂದ್ರಗಳು, ಒಂದೇ ವಾರದಲ್ಲಿ ಬಾಗಿಲು ಹಾಕಿದವು. ಬಸ್ಸು ನಿಂತಿತು. ಮನೆಗೆ ಬಂದು ಸ್ನಾನ ಮಾಡಿಸಿ ಊಟ ಮಾಡಿಸುವ ಸಿಬ್ಬಂದಿ ಬರಲು ಹೆದರಿದರು; ಬಂದರೆ ಬರಮಾಡಿಕೊಳ್ಳಲು ಮನೆಯವರು ಹೆದರಿದರು. ಈ ಸಿಬ್ಬಂದಿಯ ಸಂಬಳ ಮೊದಲೇ ಕಡಿಮೆ. ವರ್ಷಕ್ಕೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟುಹೋಗುವುದು ಪಿಡುಗಿಗೆ ಮುಂಚೆಯೂ ಮಾಮೂಲಾಗಿತ್ತು.

ರಾಜ್ಯಗಳು ಕೈಗೆತ್ತಿಕೊಂಡದ್ದು ಅಪೆಂಡಿಕ್ಸ್ ಕೆ ಎಂಬ ಅರ್ಜಿ ನಮೂನೆಯನ್ನು. ಚಂಡಮಾರುತ, ಕಾಡ್ಗಿಚ್ಚಿನಂಥ ವಿಪತ್ತಿನಲ್ಲಿ ವೇವರಿನ ಷರತ್ತುಗಳನ್ನು ಬೇಗ ಬದಲಿಸಿಕೊಳ್ಳಲೆಂದು ಇದ್ದ ನಮೂನೆ ಅದು. ನೋಡಲು ಬಹಳ ಸಾಧಾರಣ: ಸಾಲುಸಾಲಾಗಿ ಚೌಕಗಳು, ಬೇಕಾದ್ದಕ್ಕೆ ಗುರುತು ಹಾಕುವುದು. ಸೇವೆಯ ಗಂಟೆಗಳ ಮಿತಿ ಮೀರಲು ತಾತ್ಕಾಲಿಕ ಅನುಮತಿ, ಒಂದು ಚೌಕ. ಸಿಬ್ಬಂದಿಯ ವಿದ್ಯಾರ್ಹತೆ, ತರಬೇತಿಯ ಷರತ್ತು ಸಡಿಲಿಸಲು ಇನ್ನೊಂದು. ರಾಜ್ಯದ ಹೊರಗೆ ಕೊಟ್ಟ ಸೇವೆಗೂ ಹಣ, ಮತ್ತೊಂದು. ಸೇವೆ ನಿಂತಿದ್ದರೂ ಸಂಸ್ಥೆ ಮುಳುಗದಂತೆ ಕೊಡುವ ಕಾಯ್ದಿರಿಸುವ ಹಣ, ಅದಕ್ಕೂ ಒಂದು. ಇವುಗಳ ನಡುವೆ ಕುಟುಂಬದ ಆರೈಕೆದಾರರಿಗೆ, ಕಾನೂನಿನ ಪ್ರಕಾರ ಹೊಣೆ ಹೊತ್ತ ಸಂಬಂಧಿಕರಿಗೆ ಹಣ ಕೊಡಲು ತಾತ್ಕಾಲಿಕ ಅನುಮತಿ ಎಂಬ ಚೌಕವೂ ಇತ್ತು. ಹತ್ತಾರು ವರ್ಷ ಪೋಷಕರು ಕೇಳಿ ಕೇಳಿ ಸೋತಿದ್ದ ಬೇಡಿಕೆ ಒಂದು ಗುರುತಿನ ಮಟ್ಟಕ್ಕೆ ಇಳಿದಿತ್ತು. ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಆ ಚೌಕಕ್ಕೆ ಗುರುತು ಹಾಕಿದವು. ಅದರ ಕತೆಗೆ ಮತ್ತೆ ಬರೋಣ.

ಏಕೆಂದರೆ ಅದೇ ವಾರಗಳಲ್ಲಿ ಇನ್ನೊಂದು ಬಗೆಯ ನಿಯಮ ಬೆಳಕಿಗೆ ಬಂದಿತ್ತು. ವೆಂಟಿಲೇಟರುಗಳು ಸಾಲದೆ ಹೋದರೆ ಯಾರಿಗೆ ಕೊಡಬೇಕು? ಅಲಬಾಮಾ ರಾಜ್ಯದ ಬಳಿ ಇದಕ್ಕೆ 2010ರಲ್ಲೇ ಬರೆದಿಟ್ಟ ಮಾರ್ಗಸೂಚಿಯಿತ್ತು. ತೀವ್ರ ಬುದ್ಧಿಮಾಂದ್ಯ ಇರುವವರು ವೆಂಟಿಲೇಟರಿಗೆ ತಕ್ಕವರಲ್ಲದಿರಬಹುದು ಎಂಬ ಅರ್ಥದ ಸಾಲು ಅದರಲ್ಲಿ ಹಾಗೇ ಉಳಿದಿತ್ತು. ಆ ತನಕ ಯಾರೂ ಅದನ್ನು ಓದಿದಂತಿಲ್ಲ, ಓದಿದವರು ತಲೆ ಕೆಡಿಸಿಕೊಂಡಂತೆಯೂ ಇಲ್ಲ. ಮಾರ್ಚ್ ಕೊನೆಯ ವಾರದಲ್ಲಿ ಅಲಬಾಮಾದ ವಿಕಲಚೇತನ ಹಕ್ಕುಗಳ ಸಂಘಟನೆ ಕೇಂದ್ರ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಟ್ಟಿತು. ವಾಷಿಂಗ್ಟನ್ ರಾಜ್ಯದಿಂದಲೂ ದೂರು ಹೋಯಿತು. ಆ ಕಚೇರಿಯ ಮುಖ್ಯಸ್ಥ ರೋಜರ್ ಸೆವೆರಿನೊ ಟ್ರಂಪ್ ಸರ್ಕಾರದ ಕಟ್ಟಾ ಸಂಪ್ರದಾಯವಾದಿಗಳಲ್ಲಿ ಒಬ್ಬರು. ಉದಾರವಾದಿಗಳಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಈ ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದಾದರು. ಮಾರ್ಚ್ 28ರಂದು ಅವರ ಕಚೇರಿ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು: ಪಿಡುಗಿನ ನೆಪದಲ್ಲಿ ನಾಗರಿಕ ಹಕ್ಕುಗಳ ಕಾನೂನು ರದ್ದಾಗುವುದಿಲ್ಲ, ವೈಕಲ್ಯದ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. ಏಪ್ರಿಲ್ 8ರಂದು ಅಲಬಾಮಾ ಆ ಮಾರ್ಗಸೂಚಿಯನ್ನು ಕೈಬಿಟ್ಟಿತು.

ಜೊತೆಗೆ ಇರಲು ಬಿಡಿ ಎಂಬುದು ಮುಂದಿನ ಜಗಳ. ಆಸ್ಪತ್ರೆಗಳು ಸಂದರ್ಶಕರನ್ನು ಪೂರ್ತಿ ನಿಷೇಧಿಸಿದ್ದವು. ಮಾತು ಬಾರದ, ನೋವು ಎಲ್ಲೆಂದು ತೋರಿಸಲಾಗದ, ಮುಖಕ್ಕೆ ಮಾಸ್ಕ್ ತಂದರೆ ಬೆದರಿ ಕಿತ್ತೆಸೆಯುವ ರೋಗಿಯನ್ನು ಪಿಪಿಇ ಕಿಟ್ ತೊಟ್ಟ ಅಪರಿಚಿತರ ನಡುವೆ ಒಂಟಿಯಾಗಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಿಯಮ ಬರೆದವರು ಯೋಚಿಸಿರಲಿಲ್ಲ. ಅವನ ಹಲ್ಲು ಕಡಿಯುವಿಕೆ ಹೊಟ್ಟೆನೋವಿನ ಸೂಚನೆ ಎಂಬುದು ಅವನ ತಾಯಿಗೋ ಹತ್ತು ವರ್ಷದಿಂದ ನೋಡಿಕೊಂಡ ಸಹಾಯಕಿಗೋ ಮಾತ್ರ ಗೊತ್ತಿರುತ್ತದೆ. ಪಿಡುಗಿನ ಪರಿಹಾರಕ್ಕೆಂದು ಮಾರ್ಚ್ 27ರಂದು ಬಂದ ಕೇರ್ಸ್ ಕಾಯ್ದೆಯಲ್ಲಿ ಸೇರಿಸಿದ ಒಂದು ಕಲಮು, ವೇವರಿನ ಹಣದಲ್ಲೇ ಸಹಾಯಕರು ಆಸ್ಪತ್ರೆಯೊಳಗೂ ಜೊತೆಗಿರಬಹುದು ಎಂದಿತು. ಅದುವರೆಗೆ ರೋಗಿ ಆಸ್ಪತ್ರೆ ಸೇರಿದ ಗಳಿಗೆಯಿಂದ ಸಹಾಯಕರ ಸಂಬಳ ನಿಲ್ಲುತ್ತಿತ್ತು. ಜೂನ್‌ನಲ್ಲಿ ಕನೆಕ್ಟಿಕಟ್ ರಾಜ್ಯ, ಕೇಂದ್ರದ ಮಧ್ಯಪ್ರವೇಶದ ನಂತರ, ವಿಕಲಚೇತನ ರೋಗಿಯ ಜೊತೆ ಒಬ್ಬ ಆಸರೆಯವರು ಇರಲು ಎಲ್ಲ ಆಸ್ಪತ್ರೆಗಳೂ ಅವಕಾಶ ಕೊಡಬೇಕೆಂದು ಆದೇಶಿಸಿತು. ಇದು ಉಳಿದ ರಾಜ್ಯಗಳಿಗೂ ಮೇಲ್ಪಂಕ್ತಿಯಾಯಿತು.

ಸಡಿಲಿಸದೆ ಬಿಟ್ಟ ನಿಯಮದ ಬಗ್ಗೆಯೂ ಹೇಳಬೇಕು. 1975ರ ಕಾನೂನಿನಿಂದ ಬೆಳೆದುಬಂದ ಐಡಿಇಎ ಕಾಯ್ದೆ ಪ್ರತಿಯೊಬ್ಬ ವಿಕಲಚೇತನ ಮಗುವಿಗೂ ಉಚಿತ, ತಕ್ಕದಾದ ಶಿಕ್ಷಣ ಕೊಡಬೇಕೆನ್ನುತ್ತದೆ. ಶಾಲೆಗಳು ಮುಚ್ಚಿದಾಗ, ಝೂಮ್ ಪರದೆಯ ಮೇಲೆ ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಕೊಡಲಾಗದೆ ಹೋದರೆ ಪೋಷಕರು ಕೇಸು ಹಾಕಿಯಾರು ಎಂದು ಶಾಲಾ ಆಡಳಿತಗಳು ಬೆವರಿದವು. ಯಾವ ಯಾವ ಷರತ್ತಿಗೆ ವಿನಾಯಿತಿ ಬೇಕೆಂದು ಮೂವತ್ತು ದಿನದೊಳಗೆ ಹೇಳುವಂತೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್, ಶಿಕ್ಷಣ ಕಾರ್ಯದರ್ಶಿ ಬೆಟ್ಸಿ ಡಿವಾಸ್ ಅವರಿಗೆ ಸೂಚಿಸಿತು. ಸರ್ಕಾರಿ ಶಾಲೆಗಳ ಬಗ್ಗೆ ಅಷ್ಟೇನೂ ಒಲವಿಲ್ಲದ ಡಿವಾಸ್ ಕಾಯ್ದೆಯನ್ನೇ ಗಾಳಿಗೆ ತೂರಿಯಾರು ಎಂದು ಪೋಷಕರು ಅಂಜಿದ್ದರು. ಏಪ್ರಿಲ್ 27ರಂದು ಆಕೆ ಕೊಟ್ಟ ಉತ್ತರ ಎಲ್ಲರನ್ನೂ ಅಚ್ಚರಿಗೊಳಿಸಿತು. ಮೂಲ ಹಕ್ಕುಗಳಿಗೆ ಯಾವ ವಿನಾಯಿತಿಯೂ ಬೇಡ. ಮೂರು ವರ್ಷ ತುಂಬುತ್ತಲೇ ಶಿಶು ಸೇವೆಯಿಂದ ಹೊರಬಿದ್ದು ಶಾಲಾ ಸೇವೆಗೆ ಸೇರಬೇಕಾದ ಮಕ್ಕಳು ಮಧ್ಯೆ ಬಿದ್ದುಹೋಗದಂತೆ ಕೆಲಕಾಲ ಹಳೆಯ ಸೇವೆಯಲ್ಲೇ ಇರಲಿ ಎಂಬಂಥ ಕೆಲವು ಸಣ್ಣ ಮಾರ್ಪಾಡು ಸಾಕು. ಹಕ್ಕು ಕಾಗದದ ಮೇಲೆ ಉಳಿಯಿತು. ಆ ವರ್ಷ ಎಷ್ಟೋ ಮಕ್ಕಳಿಗೆ ಥೆರಪಿ ಸಿಗಲಿಲ್ಲ ಎಂಬುದೂ ನಿಜ. ಆದರೆ ಕಾಗದದ ಮೇಲೆ ಉಳಿದದ್ದರಿಂದಲೇ, ಕಳೆದುಹೋದ ಸೇವೆಗೆ ಪರಿಹಾರದ ಪಾಠ ಕೊಡಿ ಎಂದು ಆಮೇಲೆ ಕೇಳಲು ಸಾಧ್ಯವಾಯಿತು.

ಕ್ಯಾಲಿಫೋರ್ನಿಯಾದಲ್ಲಿ ಇಷ್ಟರಲ್ಲಿ ಜನ ಹೊಸ ಪದ್ಧತಿಗೆ ಒಗ್ಗತೊಡಗಿದ್ದರು. ಮೊದಲು ಖುದ್ದು ಹಾಜರಿಯಲ್ಲೇ ನಡೆಯಬೇಕಿದ್ದ, ಪ್ರತಿಯೊಬ್ಬರ ಸೇವಾ ಯೋಜನೆಯ ಸಭೆ ಈಗ ಫೋನಿನಲ್ಲಿ, ಪರದೆಯಲ್ಲಿ. ಅರ್ಧ ದಿನ ರಜೆ ಹಾಕಿ ಮಗುವನ್ನು ಕಾರಿಗೆ ಹತ್ತಿಸಿ ಓಡುತ್ತಿದ್ದ ತಾಯಂದಿರಿಗೆ ಇದು ವರವಾಯಿತು. ಪುಟ್ಟ ಮಕ್ಕಳ ಸೇವೆ ಮೂರನೇ ಹುಟ್ಟುಹಬ್ಬಕ್ಕೆ ಕಡಿಯದೆ ಮುಂದುವರಿಯಿತು. ಮುಚ್ಚಿದ ಡೇ ಪ್ರೋಗ್ರಾಂಗಳಿಗೆ ಹಾಜರಾತಿ ಇಲ್ಲದಿದ್ದರೂ ಆಗಸ್ಟ್ ಕೊನೆಯವರೆಗೆ ಹಣ ಬಂತು. ಸೆಪ್ಟೆಂಬರ್ 1ರಿಂದ ‘ಆಲ್ಟರ್ನೇಟಿವ್ ಸರ್ವಿಸಸ್’ ಎಂಬ ಹೊಸ ಲೆಕ್ಕ ಶುರುವಾಯಿತು. ಬಾಗಿಲಿಗೆ ಸಾಮಾನು ತಲುಪಿಸುವುದು, ದಿನಕ್ಕೊಂದು ಫೋನ್, ಪರದೆಯ ಮೇಲೆ ಹಾಡು, ಅಡುಗೆ ಪಾಠ, ಹೀಗೆ ಏನೋ ಒಂದು ಮಾಡಿ ತೋರಿಸಿದರೆ ಹಣ. ಕೆಲವು ಸಂಸ್ಥೆಗಳು ಮನಸ್ಸಿಟ್ಟು ಮಾಡಿದವು, ಕೆಲವು ಶಾಸ್ತ್ರಕ್ಕೆ ಮಾಡಿದವು. ಪರದೆಯತ್ತ ಕಣ್ಣೇ ಹಾಯಿಸದ ಮೂವತ್ತು ವರ್ಷದ ಮಗನನ್ನು ಲ್ಯಾಪ್‌ಟಾಪಿನ ಮುಂದೆ ಕೂರಿಸಿ, ಅವನ ಪರವಾಗಿ ತಾನೇ ಕೈಬೀಸುತ್ತಿದ್ದ ತಾಯಿಗೆ ಅದು ಸೇವೆಯೋ ಇನ್ನೊಂದು ಕೆಲಸವೋ ಎಂದು ಕೇಳಿದರೆ ಉತ್ತರ ಸುಲಭವಿರಲಿಲ್ಲ.

ನಿಯಮಗಳು ಸಡಿಲಾಗುತ್ತಿದ್ದಂತೆ ಸಾವುಗಳ ಲೆಕ್ಕವೂ ಬರತೊಡಗಿತು. ಸಿರಾಕ್ಯೂಸ್ ವಿಶ್ವವಿದ್ಯಾಲಯದ ಸ್ಕಾಟ್ ಲ್ಯಾಂಡಿಸ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದಲ್ಲಿ ವಿಕಲಚೇತನರು ಗುಂಪಾಗಿ ವಾಸಿಸುವ ಗ್ರೂಪ್ ಹೋಮ್‌ಗಳನ್ನು ಅಧ್ಯಯನ ಮಾಡಿದರು. ಅಲ್ಲಿ ಸೋಂಕು ರಾಜ್ಯದ ಸರಾಸರಿಯ ಸುಮಾರು ನಾಲ್ಕು ಪಟ್ಟು, ಸೋಂಕು ತಗುಲಿದವರಲ್ಲಿ ಸಾವು ಹೆಚ್ಚುಕಡಿಮೆ ಎರಡು ಪಟ್ಟು ಇತ್ತು. 6.4 ಕೋಟಿ ಅಮೆರಿಕನ್ನರ ವೈದ್ಯಕೀಯ ದಾಖಲೆಗಳನ್ನು ಜಾಲಾಡಿ 2021ರ ಮಾರ್ಚಿನಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ವಯಸ್ಸನ್ನು ಬಿಟ್ಟರೆ ಕೋವಿಡ್ ಸಾವಿಗೆ ಬೌದ್ಧಿಕ ವೈಕಲ್ಯವೇ ಅತಿ ದೊಡ್ಡ ಅಪಾಯದ ಅಂಶ ಎಂದಿತು. ಇಂಗ್ಲೆಂಡಿನ ಲೆಕ್ಕ ಇನ್ನೂ ಭೀಕರ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಪ್ರಕಾರ ಮೊದಲ ಅಲೆಯಲ್ಲಿ 18ರಿಂದ 34 ವಯಸ್ಸಿನ ಕಲಿಕಾ ವೈಕಲ್ಯದವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ 30 ಪಟ್ಟು ಹೆಚ್ಚಿತ್ತು.

ಕಾರಣವೇನು ಎಂಬಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಡೌನ್ ಸಿಂಡ್ರೋಮ್ ಇರುವವರ ಉಸಿರಾಟದ, ಹೃದಯದ ತೊಂದರೆಗಳೇ ಮುಖ್ಯ ಎಂದು ಒಂದು ಪಕ್ಷ. ಒಂದೇ ಮನೆಯಲ್ಲಿ ಹಲವರನ್ನು ಇಟ್ಟು, ಪಾಳಿಯ ಮೇಲೆ ಬರುವ ಸಿಬ್ಬಂದಿಯಿಂದ ನೋಡಿಕೊಳ್ಳುವ ವ್ಯವಸ್ಥೆಯೇ ಕೊಂದಿತು ಎಂದು ಇನ್ನೊಂದು ಪಕ್ಷ. ಎರಡೂ ಸೇರಿರಬೇಕು. ಆದರೆ ಎರಡನೆಯದನ್ನು ತಳ್ಳಿಹಾಕುವುದು ಕಷ್ಟ. ತಮ್ಮ ಮನೆಯಲ್ಲೇ ಇದ್ದವರಿಗಿಂತ ಗುಂಪಿನ ವಾಸದಲ್ಲಿದ್ದವರು ಹೆಚ್ಚು ಪೆಟ್ಟು ತಿಂದರು ಎಂಬುದು ಮತ್ತೆ ಮತ್ತೆ ಕಂಡುಬಂತು.

ಇಂಗ್ಲೆಂಡಿನಲ್ಲಿ ನಿಯಮ ಬದಲಾವಣೆ ಬೇರೆ ದಿಕ್ಕಿನಲ್ಲಿ ಸಾಗಿತ್ತು. 2020ರ ಕೊರೋನಾವೈರಸ್ ಕಾಯ್ದೆ, ಆರೈಕೆ ಕೊಡಲೇಬೇಕೆಂಬ ಸ್ಥಳೀಯ ಆಡಳಿತಗಳ ಹೊಣೆಯನ್ನೇ ಹಗುರಗೊಳಿಸಲು ಅವಕಾಶ ಕೊಟ್ಟಿತು. ಬೆರಳೆಣಿಕೆಯ ಆಡಳಿತಗಳು ಅದನ್ನು ಬಳಸಿಕೊಂಡವು. ಐಸಿಯುಗೆ ಯಾರು ಎಂದು ತೀರ್ಮಾನಿಸಲು ದೌರ್ಬಲ್ಯದ ಅಳತೆಗೋಲು ಬಳಸಿ ಎಂದು ಮಾರ್ಚ್ 20ರಂದು ಹೇಳಿದ, ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ, ಆ ಗೋಲಿನಲ್ಲಿ ಕಲಿಕಾ ವೈಕಲ್ಯದವರೆಲ್ಲ ತಾವಾಗಿಯೇ ಕೆಳಗೆ ಬೀಳುತ್ತಾರೆಂದು ಕೂಗೆದ್ದ ಮೇಲೆ ಐದೇ ದಿನದಲ್ಲಿ ತಿದ್ದಿಕೊಂಡಿತು. ದಿನಕ್ಕೊಮ್ಮೆ ಮಾತ್ರ ವ್ಯಾಯಾಮಕ್ಕೆ ಹೊರಬರಬೇಕೆಂಬ ನಿಯಮ ಆಟಿಸಂ ಇರುವ ಮಕ್ಕಳಿಗೆ ಉಸಿರು ಕಟ್ಟಿಸಿತ್ತು. ಎರಡು ಕುಟುಂಬಗಳು ವಕೀಲರನ್ನು ಹಿಡಿದ ಮೇಲೆ ಏಪ್ರಿಲ್‌ನಲ್ಲಿ ಅದೂ ಸಡಿಲಾಯಿತು.

ಈಗ ಅಪೆಂಡಿಕ್ಸ್ ಕೆ ನಮೂನೆಯ, ಕುಟುಂಬದ ಆರೈಕೆದಾರರಿಗೆ ಹಣ ಕೊಡುವ ಆ ಚೌಕಕ್ಕೆ ಮರಳೋಣ.

ಅಪ್ರಾಪ್ತ ಮಗುವಿನ ತಂದೆ ತಾಯಿಗೆ ಮೆಡಿಕೇಡ್ ಸಾಮಾನ್ಯವಾಗಿ ಆರೈಕೆಯ ಸಂಬಳ ಕೊಡುವುದಿಲ್ಲ. ಹೆತ್ತವರು ಮಾಡಲೇಬೇಕಾದ ಕೆಲಸಕ್ಕೆ ಸರ್ಕಾರವೇಕೆ ಕೂಲಿ ಕೊಡಬೇಕು ಎಂಬುದು ತರ್ಕ. ಕೇಳಲು ಸರಿಯಾಗಿದೆ. ಆದರೆ ಹೊಟ್ಟೆಗೆ ಅಳವಡಿಸಿದ ನಳಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ ಆಹಾರ ಇಳಿಸುವುದು, ಗಂಟಲಿನ ಕಫವನ್ನು ಯಂತ್ರದಿಂದ ಎಳೆಯುವುದು, ಹನ್ನೆರಡು ವರ್ಷದ ಮಗನನ್ನು ಎತ್ತಿ ಡೈಪರ್ ಬದಲಿಸುವುದು, ರಾತ್ರಿ ಫಿಟ್ಸ್ ಬಂದೀತೆಂದು ಪಕ್ಕದಲ್ಲೇ ಎಚ್ಚರವಿರುವುದು, ಇವು ಎಲ್ಲ ಹೆತ್ತವರೂ ಮಾಡುವ ಕೆಲಸಗಳಲ್ಲ. ರಾಜ್ಯವೇ ಅಳೆದು ಈ ಮಗುವಿಗೆ ವಾರಕ್ಕೆ ಇಷ್ಟು ಗಂಟೆ ಬೇಕೆಂದು ಮಂಜೂರು ಮಾಡಿರುತ್ತದೆ. ಹೊರಗಿನವರು ಬಂದರೆ ಸಂಬಳವುಂಟು. ಹೊರಗಿನವರು ಸಿಗುವುದಿಲ್ಲ. ಸಿಗದ ಗಂಟೆಗಳನ್ನು ತಾಯಿ ತುಂಬುತ್ತಾಳೆ, ಅದಕ್ಕಾಗಿ ನೌಕರಿ ಬಿಡುತ್ತಾಳೆ, ಮಂಜೂರಾದ ಹಣ ಖಜಾನೆಯಲ್ಲೇ ಉಳಿಯುತ್ತದೆ. ಪಿಡುಗಿನ ಮೂರು ವರ್ಷ ಹಲವು ರಾಜ್ಯಗಳಲ್ಲಿ ಆ ತಾಯಿ ತನ್ನ ಗಂಟೆಗಳನ್ನು ಟೈಮ್‌ಶೀಟಿನಲ್ಲಿ ಬರೆದು ಕಳಿಸಿದಳು, ಹಣ ಬಂತು.

ಇದಕ್ಕೆ ವಿರೋಧ ಅಧಿಕಾರಿಗಳಿಂದ ಮಾತ್ರ ಬಂದದ್ದಲ್ಲ. ಸ್ವತಃ ವಿಕಲಚೇತನ ಹೋರಾಟಗಾರರಲ್ಲೂ ಕೆಲವರಿಗೆ ಅಳುಕಿತ್ತು. ಮಗನ ಆರೈಕೆಯೇ ಮನೆಯ ಆದಾಯವಾದರೆ, ಅವನು ಬೆಳೆದು ತನ್ನದೇ ಬದುಕು ಕಟ್ಟಿಕೊಳ್ಳುವೆನೆಂದಾಗ ಮನೆಯವರು ಬಿಟ್ಟಾರೆಯೇ? ಹೊರಗಿನ ಕಣ್ಣು ಬೀಳದ ಮನೆಯಲ್ಲಿ ಹಿಂಸೆ ನಡೆದರೆ ಗೊತ್ತಾಗುವುದು ಯಾರಿಗೆ? ವಿಲ್ಲೋಬ್ರೂಕನ್ನು ಕಂಡ ಚಳವಳಿಗೆ ಈ ಪ್ರಶ್ನೆಗಳು ಸಹಜ. ಆದರೂ ಪರ್ಯಾಯವಾಗಿ ಯಾರೂ ಬರದ ಮನೆಗೆ, ಯಾರಾದರೂ ಬಂದಾರೆಂಬ ಆದರ್ಶವನ್ನು ಉತ್ತರವಾಗಿ ಕೊಡುವುದು ಕಷ್ಟ.

ಹಣದ ವಿಷಯದಲ್ಲಿ ಸ್ವಲ್ಪ ಕಾಲ ಆಸೆ ಚಿಗುರಿತ್ತು. 2020ರ ಮಾರ್ಚ್‌ನಲ್ಲೇ ಕಾಂಗ್ರೆಸ್ ಮೆಡಿಕೇಡಿನಲ್ಲಿ ಕೇಂದ್ರದ ಪಾಲನ್ನು ಶೇ 6.2 ಅಂಶ ಏರಿಸಿ, ಬದಲಿಗೆ ಯಾರನ್ನೂ ಪಟ್ಟಿಯಿಂದ ತೆಗೆಯಬಾರದೆಂದು ಷರತ್ತು ಹಾಕಿತ್ತು. 2021ರ ಮಾರ್ಚ್‌ನಲ್ಲಿ ಬೈಡನ್ ಸಹಿ ಹಾಕಿದ ಪರಿಹಾರ ಕಾಯ್ದೆ ಮನೆ ಮತ್ತು ಸಮುದಾಯ ಸೇವೆಗಳಿಗೆ ಒಂದು ವರ್ಷ ಇನ್ನೂ ಶೇ 10 ಅಂಶ ಸೇರಿಸಿತು. ಬೈಡನ್ ಕೇಳಿದ್ದು ಅದಕ್ಕಿಂತ ದೊಡ್ಡದು: ಈ ಸೇವೆಗಳಿಗೆ 40,000 ಕೋಟಿ ಡಾಲರ್. ಪ್ರತಿನಿಧಿ ಸಭೆಯಲ್ಲಿ ಅದು 15,000 ಕೋಟಿಗೆ ಇಳಿಯಿತು. 2021ರ ಡಿಸೆಂಬರಿನಲ್ಲಿ ಸೆನೆಟರ್ ಜೋ ಮಾಂಚಿನ್ ಬೆಂಬಲಿಸಲಾರೆ ಎಂದಾಗ ಅಷ್ಟೂ ಹೋಯಿತು. ಈ ಕತೆಯ ನಿಜವಾದ ತಿರುವು ಅಲ್ಲಿದೆ ಎಂದು ಕಾಣುತ್ತದೆ. ತಾತ್ಕಾಲಿಕವನ್ನು ಕಾಯಂ ಮಾಡಲು ಬೇಕಾದ ದುಡ್ಡು ಅವತ್ತು ಕೈತಪ್ಪಿತು. ಉಳಿದದ್ದೆಲ್ಲ ಗಡುವಿಗೆ ಕಾಯುವುದಷ್ಟೇ.

ಗಡುವು ಬಂತು. 2023ರ ಫೆಬ್ರುವರಿ 28ಕ್ಕೆ ಕ್ಯಾಲಿಫೋರ್ನಿಯಾದ ತುರ್ತುಸ್ಥಿತಿ ಮುಗಿಯಿತು. ಏಪ್ರಿಲ್ 1ರಿಂದ ರಾಜ್ಯಗಳು ಮೆಡಿಕೇಡ್ ಪಟ್ಟಿಯನ್ನು ಮತ್ತೆ ಜರಡಿ ಹಿಡಿಯತೊಡಗಿದವು. ಮುಂದಿನ ಒಂದೂವರೆ ವರ್ಷದಲ್ಲಿ 2.5 ಕೋಟಿಗೂ ಹೆಚ್ಚು ಮಂದಿ ಹೊರಬಿದ್ದರು. ಅವರಲ್ಲಿ ಹೆಚ್ಚಿನವರು ಅರ್ಹರಲ್ಲ ಎಂದು ತೀರ್ಮಾನವಾಗಿ ಹೋದವರಲ್ಲ, ಕಾಗದ ಸಕಾಲಕ್ಕೆ ತಲುಪಲಿಲ್ಲ ಎಂಬಂಥ ಕಾರಣಕ್ಕೆ ಹೋದವರು. ಮೇ 11ಕ್ಕೆ ಕೇಂದ್ರದ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಮುಗಿಯಿತು. ಅಪೆಂಡಿಕ್ಸ್ ಕೆ ಸಡಿಲಿಕೆಗಳಿಗೆ ಇನ್ನೂ ಆರು ತಿಂಗಳ ಉಸಿರು, ಅಷ್ಟರೊಳಗೆ ಕಾಯಂ ತಿದ್ದುಪಡಿಗೆ ಅರ್ಜಿ ಹಾಕಿದ ರಾಜ್ಯಗಳಿಗೆ ಮಾತ್ರ ಮುಂದುವರಿಕೆ.

ಆರೆಗಾನ್ ರಾಜ್ಯ ಆರು ತಿಂಗಳು ಕಾಯಲಿಲ್ಲ. ಮೇ 11ಕ್ಕೇ ಪೋಷಕರ ಸಂಬಳ ನಿಲ್ಲಿಸಿತು. ತಾಯಂದಿರು ರಾಜಧಾನಿ ಸೇಲಂಗೆ ಹೋಗಿ ಶಾಸಕರೆದುರು ಹೇಳಿಕೆ ಕೊಟ್ಟರು. ಅದೇ ವರ್ಷ ಶಾಸನಸಭೆ ಅತಿ ಹೆಚ್ಚಿನ ಅಗತ್ಯವಿರುವ ಮಕ್ಕಳಿಗಾಗಿ ಹೊಸ ಕಾನೂನು ಮಾಡಿತು. ವಾರಕ್ಕೆ 20 ಗಂಟೆವರೆಗೆ ಪೋಷಕರಿಗೆ ಸಂಬಳ ಎಂದಿತು. 2024ರ ಜುಲೈನಲ್ಲಿ ಯೋಜನೆ ಶುರುವಾದಾಗ ಇದ್ದ ಜಾಗಗಳು 155. ಅರ್ಹ ಮಕ್ಕಳು ಅದರ ಹಲವು ಪಟ್ಟು.

ಇಂಡಿಯಾನಾದಲ್ಲಿ ಪೆಟ್ಟು ತಡವಾಗಿ ಬಿತ್ತು, ಜೋರಾಗಿ ಬಿತ್ತು. ಅಲ್ಲಿ ಪೋಷಕರು ಆರೈಕೆದಾರರಾಗಿ ದುಡಿಯುವುದು ಪಿಡುಗಿನ ನಂತರವೂ ಮುಂದುವರಿದಿತ್ತು. 2023ರ ಡಿಸೆಂಬರಿನಲ್ಲಿ ಮೆಡಿಕೇಡ್ ಅಂದಾಜಿನಲ್ಲಿ ಸುಮಾರು 100 ಕೋಟಿ ಡಾಲರ್ ತಪ್ಪಾಗಿದೆ ಎಂದು ಸರ್ಕಾರ ಒಪ್ಪಿಕೊಂಡಿತು. ತಿಂಗಳು ಕಳೆಯುವಷ್ಟರಲ್ಲಿ ಜುಲೈ 1ರಿಂದ ಪೋಷಕರಿಗೆ ಗಂಟೆಯ ಲೆಕ್ಕದ ಹಣವಿಲ್ಲ, ಬೇಕಿದ್ದರೆ ದಿನದ ಲೆಕ್ಕದ ಬೇರೆ ಯೋಜನೆಗೆ ಸೇರಿಕೊಳ್ಳಿ ಎಂದಿತು. ಅದರಲ್ಲಿ ಸಿಗುವುದು ಬಹಳ ಕಡಿಮೆ. ಪೋಷಕರು ಗಾಲಿಕುರ್ಚಿಯ ಮಕ್ಕಳನ್ನು ಕರೆದುಕೊಂಡು ಇಂಡಿಯಾನಾಪೊಲಿಸ್‌ನ ಶಾಸನಭವನದಲ್ಲಿ ಬಂದು ಕೂತರು. ಮೊಕದ್ದಮೆಯೂ ಹೂಡಿದ್ದಾಯಿತು. ತಪ್ಪು ಲೆಕ್ಕ ಹಾಕಿದ್ದು ಇಲಾಖೆ, ತೀರಿಸಬೇಕಾದವರು ಮಾತ್ರ ಬೇರೆ.

ಎಲ್ಲ ಕಡೆ ಹೀಗೇ ಆಯಿತೆಂದಲ್ಲ. ಹಲವು ರಾಜ್ಯಗಳು ಪೋಷಕರ ಸಂಬಳವನ್ನು ಮಿತಿಗಳೊಂದಿಗೆ ಕಾಯಂ ಮಾಡಿಕೊಂಡವು. ಕ್ಯಾಲಿಫೋರ್ನಿಯಾದ ಮನೆ ಸಹಾಯ ಯೋಜನೆಯಲ್ಲಿ ಪೋಷಕರಿಗೆ ಸಂಬಳ ಮೊದಲಿನಿಂದಲೂ ಇತ್ತು. ಆದರೆ ಮಗುವಿಗಾಗಿ ನೌಕರಿ ಬಿಟ್ಟಿರಬೇಕು ಎಂಬಂಥ ಷರತ್ತುಗಳಿದ್ದವು. 2023ರಲ್ಲಿ ಅವನ್ನು ತೆಗೆದುಹಾಕಲಾಯಿತು. ಪರದೆಯ ಮೇಲಿನ ಸಭೆಗೆ ಕುಟುಂಬ ಕೇಳಿದರೆ ಅವಕಾಶ ಎಂಬುದನ್ನು ಅಲ್ಲಿನ ಶಾಸಕಾಂಗ ತುರ್ತುಸ್ಥಿತಿ ಮುಗಿದ ಮೇಲೂ ಮುಂದುವರಿಸಿತು. ವಿದ್ಯುನ್ಮಾನ ಸಹಿ, ದೂರದ ಥೆರಪಿ, ಆಸ್ಪತ್ರೆಯೊಳಗೆ ಸಹಾಯಕರು, ಇವೂ ಉಳಿದವು. 2024ರ ಏಪ್ರಿಲ್‌ನಲ್ಲಿ ಕೇಂದ್ರ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೆಲವು ಮನೆಸೇವೆಗಳಿಗೆ ಕೊಡುವ ಮೆಡಿಕೇಡ್ ಹಣದಲ್ಲಿ ಶೇ 80 ನೇರ ಆರೈಕೆ ಸಿಬ್ಬಂದಿಯ ಸಂಬಳಕ್ಕೇ ಹೋಗಬೇಕೆಂದು ನಿಯಮ ಮಾಡಿತು, ಜಾರಿಗೆ ವರ್ಷಗಳ ಕಾಲಾವಕಾಶ ಕೊಟ್ಟು.

ಮುಟ್ಟದೆ ಉಳಿದದ್ದು 1981ರ ಆ ಮೂಲ ಏರ್ಪಾಡು. ನರ್ಸಿಂಗ್ ಹೋಮಿನ ಹಾಸಿಗೆ ಮೆಡಿಕೇಡಿನಲ್ಲಿ ಇಂದಿಗೂ ಕಡ್ಡಾಯ ಸೌಲಭ್ಯ. ಮನೆಯ ಸೇವೆ ಬಹುಪಾಲು ರಾಜ್ಯ ಇಷ್ಟಪಟ್ಟರೆ ಕೊಡುವ ಐಚ್ಛಿಕ ಸೌಲಭ್ಯ. ಬಜೆಟ್ ಬಿಗಿಯಾದಾಗ ರಾಜ್ಯಗಳು ಮೊದಲು ಕೈ ಹಾಕಲು ಸಾಧ್ಯವಿರುವುದು ಐಚ್ಛಿಕದ ಮೇಲೆ. 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾಯ್ದೆ ಹತ್ತು ವರ್ಷಗಳಲ್ಲಿ ಮೆಡಿಕೇಡಿನ ಕೇಂದ್ರದ ಖರ್ಚನ್ನು ಲಕ್ಷಾಂತರ ಕೋಟಿ ರೂಪಾಯಿಗಳ ಲೆಕ್ಕದಲ್ಲಿ ಕಡಿತಗೊಳಿಸುತ್ತದೆ. ಮನೆಯ ಸೇವೆಗಳ ಹೆಸರನ್ನು ಹಿಡಿದು ಕತ್ತರಿ ಹಾಕಿಲ್ಲ ಎಂಬುದು ಅದರ ಬೆಂಬಲಿಗರ ವಾದ. ಪೋಷಕರ ಸಂಘಗಳು ಕತ್ತರಿ ಎಲ್ಲಿ ತಾಗುತ್ತದೆಂದು ತಮ್ಮ ತಮ್ಮ ರಾಜ್ಯದ ಬಜೆಟ್ ಪುಟಗಳಲ್ಲಿ ಹುಡುಕುತ್ತಿವೆ. ವೇವರ್ ಸೇವೆಗಳಿಗಾಗಿ ದೇಶದಾದ್ಯಂತ ಸರತಿಯಲ್ಲಿ ನಿಂತವರು 2024ರಲ್ಲಿ ಏಳು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಬೌದ್ಧಿಕ ಅಥವಾ ಬೆಳವಣಿಗೆಯ ವೈಕಲ್ಯ ಇರುವವರು.